ಒಂದು ಚೀಟಿಗೆ ಬೇಕಾದ ವಾಕ್ಯ

ಜನವರಿ ೯

ಪ್ರೀತಿಯ ಚೋಟು,

ನಿನ್ನ ಕಾಗದ ಬಂತು. ಎರಡು ಸಲ ಓದಿದೆ. ಹೊಟ್ಟೆಯೊಳಗೆ ಗಡ್ಡೆ ಎಂಬ ಮಾತು ನೋಡಿ ಎದೆ ಧಸಕ್ಕೆಂದಿತು. ಕೆಟ್ಟ ಗಡ್ಡೆಯಲ್ಲ, ತೆಗೆದರೆ ಮುಗಿಯಿತು ಎಂದು ಡಾಕ್ಟರಮ್ಮ ಹೇಳಿದ ಸಾಲಿಗೆ ಬಂದ ಮೇಲೆ ಉಸಿರು ಬಿಟ್ಟೆ. ಆಪರೇಶನ್ನು, ಒಂದು ವಾರ ಆಸ್ಪತ್ರೆ, ಆಮೇಲೆ ಒಂದು ತಿಂಗಳು ತುಂಬಿದ ಕೊಡವನ್ನೂ ಎತ್ತುವ ಹಾಗಿಲ್ಲ. ಅಷ್ಟು ದಿನ ಅಪ್ಪನನ್ನು ಎತ್ತಿ ಕೂರಿಸುವವರು, ಸ್ನಾನ ಮಾಡಿಸುವವರು ಯಾರು ಎಂದು ಕೇಳಿದ್ದೀಯ. ನಾನು ಬರಬೇಕು ಎಂದು ನೀನು ಬರೆದಿಲ್ಲ. ಬರೆಯದಿದ್ದರೂ ಅರ್ಥವಾಯಿತು. ನನಗೂ ಬರಬೇಕು ಅಂತ ತುಂಬಾ ಇದೆ. ಈ 'ವಿ' ಅಕ್ಷರ ಒಂದು ಮುಗಿಯಲಿ.

ನಿಘಂಟು ಕಚೇರಿಯಲ್ಲಿ ಈಗ ಉಳಿದಿರುವವರು ನಾಲ್ಕೇ ಜನ. ಮೂವತ್ತೊಂದು ವರ್ಷದಿಂದ ಇಂಗ್ಲಿಷು ಪದಗಳಿಗೆ ನಮ್ಮ ಮಾತಿನಲ್ಲಿ ಅರ್ಥ ಬರೆದು ಬರೆದು ನನ್ನ ಬಲಗೈ ಹೆಬ್ಬೆರಳು ಸೊಟ್ಟಗಾಗಿದೆ. ಇರಲಿ. ನಿನಗೆ ಒಂದು ಕೆಲಸ ಇದೆ. ಪದ ವೆಲೀಯಿಟಿ. ಇಂಗ್ಲಿಷಿನವರೇ ವರ್ಷಕ್ಕೊಮ್ಮೆ ಬಳಸಿದರೆ ಹೆಚ್ಚು. ಲ್ಯಾಟಿನ್ನಿನಲ್ಲಿ 'ಬಯಸು' ಎನ್ನುವ ಮಾತಿನಿಂದ ಬಂದದ್ದು. ಬಯಕೆಯೇ ಹೌದು, ಆದರೆ ತೀರಾ ನಿತ್ರಾಣವಾದದ್ದು. ಯಾವ ಕೆಲಸಕ್ಕೂ ಹಚ್ಚದಂಥದ್ದು. ಇಷ್ಟನ್ನು ಬರೆದಿಟ್ಟಿದ್ದೇನೆ, ಪ್ರಯೋಗ ಸಿಕ್ಕಿಲ್ಲ.

ನಮ್ಮ ಕಚೇರಿಯ ಕಟ್ಟಳೆ ನಿನಗೆ ಗೊತ್ತೇ ಇದೆ. ಪ್ರತಿ ಪದಕ್ಕೂ ಒಂದು ಚೀಟಿ. ಚೀಟಿಯ ಕೊನೆಯಲ್ಲಿ ಪ್ರಯೋಗ ಎಂದು ಆ ಅರ್ಥ ತೋರಿಸುವ ಒಂದು ವಾಕ್ಯ, ನಮ್ಮ ಮಾತಿನದೇ. ಮೇಜಿನ ಮುಂದೆ ಕೂತು ಹೊಸೆದ ವಾಕ್ಯ ನಡೆಯುವುದಿಲ್ಲ. ಯಾರೋ ನಿಜವಾಗಿ ಆಡಿರಬೇಕು ಇಲ್ಲವೇ ಬರೆದಿರಬೇಕು, ಯಾರು, ಯಾವತ್ತು ಎಂಬುದೂ ಬೇಕು. ಕಾಲೇಜಿನವರು ಕಳಿಸಿದ ವಾಕ್ಯಗಳು ಗಂಜಿ ಹಾಕಿದ ಬಟ್ಟೆಯ ಹಾಗೆ ಸೆಟೆದು ನಿಲ್ಲುತ್ತವೆ. ಹಿಂದೆಲ್ಲ ಕಷ್ಟದ ಪದಗಳಿಗೆ ವಾಕ್ಯ ಹುಡುಕಿ ಕೊಟ್ಟವಳು ನೀನೇ. ಒಂದು ಖಾಲಿ ಚೀಟಿ ಜೊತೆಗಿಟ್ಟಿದ್ದೇನೆ, ಕಿವಿ ತೆರೆದಿಟ್ಟಿರು.

ಅಪ್ಪನಿಗೆ ನಮಸ್ಕಾರ ಹೇಳು.

ನಿನ್ನ ಅಣ್ಣ


ಜನವರಿ ೧೮

ಅಣ್ಣನಿಗೆ,

ಅಪ್ಪ ಚೆನ್ನಾಗಿದ್ದಾರೆ, ಅಂದರೆ ಇದ್ದ ಹಾಗೇ ಇದ್ದಾರೆ. ಫೋನು ತೆಗೆಸಿ ಹಾಕಿದ್ದು ಒಳ್ಳೆಯದಾಯಿತು. ಮೂವತ್ತೈದು ವರ್ಷ ಲಿಫ್ಟ್ ನಡೆಸಿದ ಮನುಷ್ಯ, ಗಂಟೆ ಎಲ್ಲಿ ಹೊಡೆದರೂ ಯಾರೋ ಕಾಯುತ್ತಿದ್ದಾರೆ ಎಂದು ಎದ್ದು ನಿಲ್ಲುತ್ತಾರೆ, ನಿಂತು ಬೀಳುತ್ತಾರೆ. ಮೊನ್ನೆ ಬಚ್ಚಲಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಸಣ್ಣ ಜಾಗ, ಒಳಗೆ ನಾವಿಬ್ಬರೇ. "ಯಾವ ಮಹಡಿ ತಾಯಿ?" ಅಂದರು. "ಮೂರನೇದು" ಅಂದೆ. ನಾನು ನಾಲ್ಕು ಚೊಂಬು ನೀರು ಹಾಕುವ ತನಕ ಗೋಡೆ ನೋಡುತ್ತಾ ನಿಂತಿದ್ದು, "ಬಂತು, ಹುಷಾರಾಗಿ ಇಳೀರಿ" ಅಂದರು. ನಗು ಬಂತು, ನಕ್ಕೆ. ನಕ್ಕರೆ ಹೊಟ್ಟೆ ನೋಯುತ್ತದೆ.

ಬೆಳಗಿನ ಹೊತ್ತು ನಾನು ಲಾಂಡ್ರಿಯಲ್ಲಿರುವಾಗ ಕೆಳಗಿನ ಮನೆಯ ಅಮ್ಮ ಬಂದು ಕೂತಿರುತ್ತಾರೆ. ಅವರಿಗೇ ಎಪ್ಪತ್ತು ದಾಟಿದೆ. ಮಾತಾಡಿಸಿಕೊಂಡು ಕೂತಿರಬಲ್ಲರು, ಎತ್ತಲಾರರು. ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ, ದಿನಕ್ಕೆ ಆರುನೂರು. ಇಸ್ತ್ರಿ ಮಾಡುವ ಬಿಸಿ ಉರುಳೆಗೆ ಒಂದು ತುದಿ ನಾನು ಕೊಡುತ್ತೇನೆ, ಇನ್ನೊಂದು ತುದಿ ನನ್ನ ಗೆಳತಿ. ಮನೆಗೆ ಬಂದರೆ ನಮ್ಮ ಹಾಸಿಗೆ ಬಟ್ಟೆ ಅದಕ್ಕಿಂತ ಕೆಟ್ಟದಾಗಿ ಕಾದಿರುತ್ತದೆ. ದೂರುತ್ತಿಲ್ಲ, ಹೇಳುತ್ತಿದ್ದೇನೆ.

ನಿನ್ನ ಪದದ ವಿಚಾರ. ಇದಕ್ಕೆ ಅಷ್ಟು ತಲೆ ಯಾಕೆ ಕೆಡಿಸಿಕೊಂಡಿದ್ದೀಯ? ನಮ್ಮಲ್ಲಿ 'ಮೂಗಿಗೆ ತುಪ್ಪ ಸವರುವುದು' ಅನ್ನುತ್ತೇವಲ್ಲ, ಅದೇ ತಾನೆ? ಅದು ಬೇಡವಾದರೆ ನಮ್ಮ ಲಾಂಡ್ರಿ ಮೇಸ್ತ್ರಿಯ ಮಾತು ತಗೋ: "ಈ ಸಿಗರೇಟು ಬಿಟ್ಟುಬಿಡಬೇಕು ಕಣ್ರಮ್ಮ." ಜನವರಿ ೧೫, ಊಟದ ಹೊತ್ತು. ಹೇಳಿ ಕಡ್ಡಿ ಗೀರಿದ.

ಡಾಕ್ಟರಮ್ಮ ಫೆಬ್ರವರಿ ೨೬ಕ್ಕೆ ದಿನ ಕೊಟ್ಟಿದ್ದಾರೆ.

ಇಂತಿ,
ತಂಗಿ


ಫೆಬ್ರವರಿ ೩

ಪ್ರೀತಿಯ ಚೋಟು,

ಮೇಸ್ತ್ರಿಯ ವಾಕ್ಯವನ್ನು ಸಂಪಾದಕರ ಮುಂದೆ ಇಟ್ಟೆ. ನಮ್ಮ ಸಂಪಾದಕರಿಗೆ ನಾವು ಅಲ್ಪವಿರಾಮ ಎಂದು ಹೆಸರಿಟ್ಟಿರುವುದು ನಿನಗೆ ನೆನಪಿರಬೇಕು. ಮಾತಿನ ನಡುವೆ ನಿಂತರೆ ನಾವು ಹೋಗಿ ಚಹಾ ಕುಡಿದು ಬರಬಹುದು. ಅವರು ಓದಿ, ನಿಂತು, ಕನ್ನಡಕ ಒರೆಸಿ, "ಈತ... ಎಂದಾದರೂ ಬಿಟ್ಟು ನೋಡಿದ್ದಾನೆಯೇ?" ಎಂದರು. ಎರಡು ಸಲ ಬಿಟ್ಟು ಮತ್ತೆ ಹಿಡಿದ ಎಂದು ನೀನು ಹಿಂದೊಮ್ಮೆ ಬರೆದಿದ್ದೆ. ಹಾಗಿದ್ದರೆ ಅದು ಸೋತ ಪ್ರಯತ್ನ, ಈ ಪದ ಅಲ್ಲ. ಇದರಲ್ಲಿ ಪ್ರಯತ್ನವೇ ಇರುವುದಿಲ್ಲ.

ಮೂಗಿಗೆ ತುಪ್ಪವೂ ಆಗದು. ತುಪ್ಪ ಸವರುವವನಿಗೆ ತಾನು ಕೊಡುವುದಿಲ್ಲ ಎಂದು ಗೊತ್ತಿರುತ್ತದೆ. ಅದು ಮೋಸ. ಇಲ್ಲಿ ಮೋಸ ಇಲ್ಲ. ಬಯಸುವವನು ಮನಸಾರೆ ಬಯಸುತ್ತಾನೆ. ಅಷ್ಟೇ, ಅದು ಅವನನ್ನು ಕುರ್ಚಿಯಿಂದ ಎಬ್ಬಿಸುವುದಿಲ್ಲ. ಎಷ್ಟು ಸೂಕ್ಷ್ಮ ನೋಡು. ಒಂದು ಇಡೀ ದಿನ ಇದನ್ನೇ ಯೋಚಿಸುತ್ತಾ ಕೂತಿದ್ದೆ.

೨೬ನೇ ತಾರೀಖು ಸ್ವಲ್ಪ ಹತ್ತಿರವಾಯಿತು. 'ವಿ' ಅಕ್ಷರದ ಕರಡು ಅದೇ ವಾರ ಅಚ್ಚಿಗೆ ಹೋಗಬೇಕು. ಡಾಕ್ಟರಮ್ಮನ ಹತ್ತಿರ ಒಂದು ಮಾತು ಕೇಳಿ ನೋಡುತ್ತೀಯಾ, ಒಂದು ತಿಂಗಳು ಮುಂದೆ ಹಾಕಬಹುದೇ ಎಂದು? ರೈಲಿನ ವೇಳಾಪಟ್ಟಿ ತೆಗೆದು ಮೇಜಿನ ಮೇಲೇ ಇಟ್ಟುಕೊಂಡಿದ್ದೇನೆ. ರಜೆಯ ಅರ್ಜಿಯನ್ನೂ ಬರೆದಿದ್ದೇನೆ, ಕೊಡುವುದೊಂದು ಬಾಕಿ.

ನಿನ್ನ ಅಣ್ಣ


ಫೆಬ್ರವರಿ ೨೦

ಅಣ್ಣನಿಗೆ,

ಮಾರ್ಚ್ ೨೮ಕ್ಕೆ ಮುಂದೆ ಹಾಕಿಸಿದೆ. ಡಾಕ್ಟರಮ್ಮ ಬೈದರು. "ನಿಮಗೆ ನಿಮ್ಮ ಮೈ ಬೇಡವಾದ್ರೆ ನನಗ್ಯಾಕೆ ಬೇಕು?" ಅಂದರು. ಅವರಿಗೆ ಏನು ಹೇಳಲಿ, ನನ್ನ ಅಣ್ಣ ಒಂದು ಅಕ್ಷರ ಮುಗಿಸಬೇಕು ಅಂತಲೇ?

ಮೊನ್ನೆ ಉರುಳೆಯ ಹತ್ತಿರ ನಿಂತಿದ್ದಾಗ ರಕ್ತ ಹೋಯಿತು. ಬಿಳಿ ಬಟ್ಟೆಗಳ ನಡುವೆ. ಗೆಳತಿ ಯಂತ್ರ ನಿಲ್ಲಿಸಿ, ನನ್ನನ್ನು ಬಟ್ಟೆಯ ಗಂಟಿನ ಮೇಲೆ ಕೂರಿಸಿ, ಯಾರಿಗೂ ಕಾಣದ ಹಾಗೆ ಆ ಚಾದರವನ್ನು ಮತ್ತೆ ಒಗೆಯಲು ಹಾಕಿದಳು. ಅರ್ಧ ಗಂಟೆ ಕೂತಿದ್ದೆ. ಕೂತಿದ್ದಾಗ ಏನೂ ಅನ್ನಿಸಲಿಲ್ಲ, ಆಹಾ ಕೂತಿದ್ದೇನೆ ಅನ್ನಿಸಿತು ಅಷ್ಟೇ. ಮನೆಗೆ ಬಂದರೆ ಅಪ್ಪ ಮಂಚದಿಂದ ಜಾರಿ ನೆಲದ ಮೇಲಿದ್ದರು. ಕೆಳಗಿನ ಮನೆಯ ಅಮ್ಮ ಪಕ್ಕದಲ್ಲಿ ಕೂತು ಅಳುತ್ತಿದ್ದರು. ಎತ್ತಿದೆ. ಎತ್ತದೆ ಏನು ಮಾಡಲಿ?

ಒಂದೇ ಒಂದು ಮಾತು ಬರಿ. ೨೮ಕ್ಕೆ ಬರುತ್ತೀಯಾ, ಇಲ್ಲವಾ? ಇಲ್ಲ ಅಂದರೆ ಇಲ್ಲ ಅನ್ನು. ಅಪ್ಪನನ್ನು ಒಂದು ತಿಂಗಳ ಮಟ್ಟಿಗೆ ಯಾವುದಾದರೂ ಆಶ್ರಮಕ್ಕೆ ಬಿಡಲು ವಿಚಾರಿಸುತ್ತೇನೆ. ಅಲ್ಲಿ ಅವರನ್ನು ಕಟ್ಟಿ ಹಾಕುತ್ತಾರಂತೆ. ಗೆಳತಿ ನೋಡಿ ಬಂದಳು.

ತಂಗಿ


ಮಾರ್ಚ್ ೪

ಪ್ರೀತಿಯ ಚೋಟು,

ನಿನ್ನ ಕಾಗದ ಓದಿ ಆ ದಿನ ಊಟ ಸೇರಲಿಲ್ಲ. ನೀನು ಭಾರ ಎತ್ತಬೇಡ. ಸೊಪ್ಪು, ಹಣ್ಣು ಚೆನ್ನಾಗಿ ತಿನ್ನು. ಮನೆಗೇ ಬಂದು ನೋಡಿಕೊಳ್ಳುವವರು ಯಾರಾದರೂ ಸಿಗುತ್ತಾರೇನೋ ವಿಚಾರಿಸಬಾರದೇ? ಅಪ್ಪನನ್ನು ಕಟ್ಟಿ ಹಾಕುವ ಮಾತು ಮಾತ್ರ ಆಡಬೇಡ, ಕೇಳಲಾರೆ. ನನಗೆ ಬರಬೇಕು ಅಂತ ಎಷ್ಟಿದೆ ಗೊತ್ತಾ? ಬೆಳಿಗ್ಗೆ ಎದ್ದರೆ ಅದೇ ಯೋಚನೆ. ಅರ್ಜಿ ಡ್ರಾಯರಿನಲ್ಲೇ ಇದೆ. ಅಲ್ಪವಿರಾಮರ ಮುಖ ನೋಡಿದರೆ ಕೊಡಲು ಕೈ ಬರುವುದಿಲ್ಲ. ಅವರೂ ಸೋತಿದ್ದಾರೆ, ಪಾಪ. 'ಜೆಡ್' ನೋಡಿ ಸಾಯುತ್ತೇನೋ ಇಲ್ಲವೋ ಎನ್ನುತ್ತಾರೆ.

ಕರಡಿನಲ್ಲಿ ಒಂದು ಪುಟ ಮಾತ್ರ ನಿಂತಿದೆ. ಅದೇ ಪದ, ವೆಲೀಯಿಟಿ. ಅರ್ಥದ ಕೆಳಗೆ ಎರಡು ಸಾಲು ಖಾಲಿ ಬಿಟ್ಟಿದ್ದೇವೆ. ನಿನಗೆ ಈ ಸ್ಥಿತಿಯಲ್ಲಿ ಕೇಳಬಾರದು, ಆದರೂ ಏನಾದರೂ ಕಿವಿಗೆ ಬಿದ್ದಿದ್ದರೆ ಬರಿ.

ನಿನ್ನ ಅಣ್ಣ


ಮಾರ್ಚ್ ೧೨

ಅಣ್ಣನಿಗೆ,

ನೀನು ಕೊಟ್ಟ ಚೀಟಿಯಲ್ಲಿ ಜಾಗ ಸಾಲಲಿಲ್ಲ, ಇಲ್ಲೇ ಬರೆಯುತ್ತೇನೆ.

ಪದ: ವೆಲೀಯಿಟಿ.

ಅರ್ಥ: ಮನಸ್ಸು ಹೊರಟಿರುತ್ತದೆ, ಕಾಲು ಏಳುವುದಿಲ್ಲ.

ಪ್ರಯೋಗ:

"ರಜೆ ಸಿಕ್ಕಿದ ಕೂಡಲೇ ಬರಬೇಕು ಅಂತಿದ್ದೇನೆ." ಅಣ್ಣ, ಆರು ವರ್ಷದ ಹಿಂದೆ, ಜೂನ್ ೧೪. ಅಪ್ಪ ಮೊದಲ ಸಲ ದಾರಿ ತಪ್ಪಿ ಪೊಲೀಸರು ಕರೆತಂದ ವಾರ.

"'ಎಸ್' ಒಂದು ಮುಗಿಯಲಿ, ಬಂದು ಒಂದು ತಿಂಗಳು ಇದ್ದುಬಿಡುತ್ತೇನೆ." ಅಣ್ಣ, ಐದು ವರ್ಷದ ಹಿಂದೆ, ಅಕ್ಟೋಬರ್ ೨. ಆ ಅಕ್ಷರ ಎರಡೂವರೆ ವರ್ಷ ನಡೆಯಿತು.

"ಅಪ್ಪನ ಕೈ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆಸಬೇಕು ಅಂತ ಆಸೆ." ಅಣ್ಣ, ಮೂರು ವರ್ಷದ ಹಿಂದೆ, ಏಪ್ರಿಲ್ ೨೧. ಆಗ ಅಪ್ಪ ಇನ್ನೂ ತಾವೇ ನಡೆಯುತ್ತಿದ್ದರು.

"ನಿನಗೆ ಒಂದು ವಾರವಾದರೂ ಬಿಡುವು ಕೊಡಬೇಕು ಅಂತ ಯಾವಾಗಲೂ ಅಂದುಕೊಳ್ಳುತ್ತೇನೆ." ಅಣ್ಣ, ಹೋದ ವರ್ಷ, ಆಗಸ್ಟ್ ೩೦.

"ರೈಲಿನ ವೇಳಾಪಟ್ಟಿ ತೆಗೆದು ಮೇಜಿನ ಮೇಲೇ ಇಟ್ಟುಕೊಂಡಿದ್ದೇನೆ." ಅಣ್ಣ, ಈ ವರ್ಷ, ಫೆಬ್ರವರಿ ೩.

"ನನಗೆ ಬರಬೇಕು ಅಂತ ಎಷ್ಟಿದೆ ಗೊತ್ತಾ?" ಅಣ್ಣ, ಮಾರ್ಚ್ ೪.

ಇನ್ನೂ ಇವೆ. ನಿನ್ನ ಕಾಗದಗಳನ್ನೆಲ್ಲ ಲಾಂಡ್ರಿಯ ಒಂದು ಚೀಲದಲ್ಲಿ ಇಟ್ಟಿದ್ದೆ, ಮೊನ್ನೆ ಭಾನುವಾರ ಅಪ್ಪ ಮಲಗಿದ್ದಾಗ ಮಂಚದ ಮೇಲೆ ಹರಡಿಕೊಂಡು ಕೂತೆ. ಒಂದೊಂದೂ ಎಷ್ಟು ಚೆನ್ನಾಗಿ ಬರೆದಿದ್ದೀಯ. ಯಾವುದೂ ಸುಳ್ಳಲ್ಲ ಎಂದು ನನಗೆ ಗೊತ್ತು. ಅದೇ ಕಷ್ಟ. ಸುಳ್ಳಾಗಿದ್ದರೆ ಎಂದೋ ನಿನ್ನ ಜೊತೆ ಜಗಳ ಆಡಿ ಕೈತೊಳೆದುಕೊಳ್ಳಬಹುದಿತ್ತು.

ಸಾಕಾಗಿದೆ ಅಣ್ಣ. ಸಿಟ್ಟು ಮಾಡಿಕೊಳ್ಳುವಷ್ಟೂ ಶಕ್ತಿ ಇಲ್ಲ.

ತಂಗಿ


ಮಾರ್ಚ್ ೧೯

ಪ್ರೀತಿಯ ಚೋಟು,

ಶಹಭಾಸ್! ಚೀಟಿ ಪಾಸಾಯಿತು. ನಿನಗೆ ಹೇಗೆ ಹೇಳಲಿ, ಅಲ್ಪವಿರಾಮರು ನಿಲ್ಲದೆ ಓದಿದರು. ಎಲ್ಲ ಸಾಲುಗಳನ್ನೂ, ತಾರೀಖುಗಳ ಸಮೇತ. "ಇಂಥ ಪ್ರಯೋಗ ಮೂವತ್ತೊಂದು ವರ್ಷದಲ್ಲಿ ಬಂದಿಲ್ಲ. ಒಂದೇ ಪದಕ್ಕೆ, ಒಬ್ಬನೇ ಮನುಷ್ಯನಿಂದ, ಆರು ವರ್ಷದ ಸಾಕ್ಷಿ!" ಎಂದರು. 'ಮನಸ್ಸು ಹೊರಟಿರುತ್ತದೆ, ಕಾಲು ಏಳುವುದಿಲ್ಲ' ಎಂಬುದನ್ನು ನಾನು ಬರೆದ ಅರ್ಥ ಹೊಡೆದು ಹಾಕಿ ಹಾಗೇ ತೆಗೆದುಕೊಂಡಿದ್ದೇವೆ. ಪ್ರಯೋಗಗಳಲ್ಲಿ ಒಂದಕ್ಕೇ ಜಾಗ. ತುಂಬಾ ಚರ್ಚೆಯಾಗಿ ವೇಳಾಪಟ್ಟಿಯ ಸಾಲನ್ನು ಆರಿಸಿದೆವು. ಬಯಕೆ ಎಂಬ ಮಾತೇ ಇಲ್ಲದೆ ಬಯಕೆ ಕಾಣುತ್ತದೆ ಎಂದು ಅವರ ವಾದ, ನಾನೂ ಒಪ್ಪಿದೆ. ಆಧಾರ ಎಂದು 'ಖಾಸಗಿ ಪತ್ರ' ಅಂತಷ್ಟೇ ಹಾಕುತ್ತೇವೆ. ನಿನ್ನ ಒಪ್ಪಿಗೆ ಇದೆ ತಾನೆ?

ನಿನ್ನ ಹೆಸರು ಮುನ್ನುಡಿಯಲ್ಲಿ ಬರಬೇಕು ಎಂದು ನಾನು ಪಟ್ಟು ಹಿಡಿದಿದ್ದೇನೆ.

ನಿನ್ನ ಅಣ್ಣ


ಮಾರ್ಚ್ ೨೪

ಚೋಟು,

ನಿನ್ನ ಉತ್ತರ ಬಂದಿಲ್ಲ. ಬರುವುದೂ ಬೇಡ.

ನಿನ್ನೆ ಆ ಪುಟದ ಕರಡು ಅಚ್ಚಿನ ಮನೆಯಿಂದ ವಾಪಸು ಬಂತು. ಕರಡು ತಿದ್ದುವ ಹೆಂಗಸು ಹೊಸಬರು, ಮಾತು ಕಮ್ಮಿ. ಆ ಪದದ ಹತ್ತಿರ ಬೆರಳಿಟ್ಟು, "ಇದನ್ನ ಬರೆದವ್ರು ಆಮೇಲೆ ಹೋದ್ರಾ ಸಾರ್?" ಎಂದು ಕೇಳಿದರು. ನಾನು, "ಅದು ನಮಗೆ ಬೇಕಾದ ವಿಷಯವಲ್ಲ, ಅಕ್ಷರ ತಪ್ಪಿದೆಯೇ ನೋಡಿ" ಎಂದೆ. "ಅಕ್ಷರ ಸರಿಯಾಗಿದೆ ಸಾರ್" ಎಂದು ತಮ್ಮ ಕುರ್ಚಿಗೆ ಹೋದರು. ನಾನು ಆ ಸಾಲನ್ನು ಓದಿದೆ. ಆಗಲೇ ನಿನ್ನ ಕಾಗದವನ್ನು ಕಾಗದವಾಗಿ ಓದಿದ್ದು. ಅದಕ್ಕೆ ಮುಂಚೆ ಅದು ನನಗೆ ಚೀಟಿಯಾಗಿತ್ತು. ಇಂಥ ತಪ್ಪನ್ನು ಬೇರೆ ಯಾವ ಮನುಷ್ಯನೂ ಮಾಡಲಾರ. ನನಗೆ ನಾಚಿಕೆಯಾಗುತ್ತಿದೆ.

ನಿಜ ಹೇಳುತ್ತೇನೆ. ಅಕ್ಷರಗಳೆಲ್ಲ ನೆಪ. ಎರಡು ವರ್ಷದ ಹಿಂದೆ ಒಂದೇ ಒಂದು ಸಲ ಬಂದಿದ್ದೆನಲ್ಲ, ಆಗ ನೀನು ಅಂಗಡಿಗೆ ಹೋದ ಹೊತ್ತಿನಲ್ಲಿ ಅಪ್ಪ ಬಟ್ಟೆ ಒದ್ದೆ ಮಾಡಿಕೊಂಡು ನನ್ನ ಮುಂದೆ ನಿಂತಿದ್ದರು. ನನ್ನನ್ನು ಹೆಗಲ ಮೇಲೆ ಹೊತ್ತು ಸ್ಕೂಲಿಗೆ ಬಿಡುತ್ತಿದ್ದ ಮನುಷ್ಯ. ನನಗೆ ಮುಟ್ಟಲಾಗಲಿಲ್ಲ. ನೀನು ಬರುವ ತನಕ ಅಡುಗೆಮನೆಯಲ್ಲಿ ನಿಂತಿದ್ದೆ. ಮಾರನೆಯ ದಿನ ತುರ್ತು ಕೆಲಸ ಇದೆ ಎಂದು ಹೊರಟೆ. ನನಗೆ ಹೆದರಿಕೆ, ಚೋಟು. ಅಷ್ಟೇ.

ಅರ್ಜಿ ಕೊಟ್ಟೆ. ಅಲ್ಪವಿರಾಮರು ಓದಿ, ಒಂದು ತಿಂಗಳೇ ಎಂದು ಕೇಳದೆ, "ನೀವು ಇಷ್ಟು ದಿನ ಯಾಕೆ ಹೋಗಲಿಲ್ಲ?" ಎಂದರು. ೨೭ರ ಬೆಳಿಗ್ಗೆ ತಲುಪುತ್ತೇನೆ. ಈ ಕಾಗದಕ್ಕಿಂತ ನಾನೇ ಮೊದಲು ಬಂದರೂ ಬರಬಹುದು.

ಅಣ್ಣ


ಏಪ್ರಿಲ್ ೨

ಚೋಟು,

ಈ ಕಾಗದವನ್ನು ನಿನ್ನ ಗೆಳತಿಯ ಕೈಲಿ, ಒಗೆದ ಬಟ್ಟೆಯ ಜೊತೆ ಕಳಿಸುತ್ತಿದ್ದೇನೆ. ಆಪರೇಶನ್ನು ಚೆನ್ನಾಗಿ ಆಯಿತು ಎಂದು ಅವರೇ ಬಂದು ಹೇಳಿದರು. ಅಪ್ಪನನ್ನು ಬಿಟ್ಟು ಆಸ್ಪತ್ರೆಗೆ ಬರಲು ದಾರಿ ಇಲ್ಲ. ನಾನು ಬಂದ ದಿನ ಬಾಗಿಲಲ್ಲೇ ನೀನು ಔಷಧದ ಪಟ್ಟಿ ಕೈಗಿಟ್ಟು, ಚೀಲ ತಗೊಂಡು ಇಳಿದು ಹೋದೆ. ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಆಟೋದವನು ಹಾರ್ನ್ ಹೊಡೆಯುತ್ತಿದ್ದ.

ಮೊದಲ ಎರಡು ದಿನ ಅಪ್ಪ ನನ್ನನ್ನು ಹತ್ತಿರ ಸೇರಿಸಲಿಲ್ಲ. ಚೊಂಬು ಕಿತ್ತುಕೊಂಡು ನನ್ನ ಮೇಲೇ ನೀರು ಹಾಕಿದರು. ಬಟ್ಟೆ ಬದಲಿಸುವಾಗ ಮುಖ ಆಚೆ ತಿರುಗಿಸಿಕೊಂಡು ಗುಂಡಿ ತಡಕಾಡಿದೆ. ಮೂರನೆಯ ದಿನ ನೋಡಿಕೊಂಡೇ ಬದಲಿಸಿದೆ. ನಾಲ್ಕನೆಯ ದಿನಕ್ಕೆ ನನ್ನ ಸೊಂಟ ಹಿಡಿದುಕೊಂಡಿತು. ಇದನ್ನು ನೀನು ಆರು ವರ್ಷ ಹೇಗೆ ಮಾಡಿದೆ? ಬೆಳಗಿನಿಂದ ಕೂತಿಲ್ಲ ಎಂದು ನನಗೆ ಸಂಜೆ ಗೊತ್ತಾಗುತ್ತದೆ.

ನಿನ್ನೆ ಗಡ್ಡ ಕೆರೆದೆ. ಕೆನ್ನೆ ಉಬ್ಬಿಸಿ ಒಪ್ಪವಾಗಿ ಕೂತಿದ್ದರು. ನನ್ನನ್ನು ನೀನು ಗೊತ್ತುಮಾಡಿದ ಆಳು ಎಂದುಕೊಂಡಿದ್ದಾರೆ. "ಕೈ ಹಗುರ ಇದೆ ಕಣಪ್ಪ ನಿಂದು" ಅಂದರು. ಆಮೇಲೆ ಅವರೇ, "ನನಗೊಬ್ಬ ಮಗ ಇದಾನೆ. ದೊಡ್ಡ ಪುಸ್ತಕ ಬರೀತಾನೆ. ಪುರಸೊತ್ತಿಲ್ಲ ಪಾಪ" ಅಂದರು. ನಾನು, "ಯಾವಾಗ ಬರ್ತಾನಂತೆ?" ಎಂದೆ. ಅಪ್ಪನಿಗೆ ಸಿಟ್ಟು ಬಂತು. "ಬರ್ತಾನೆ ಬಿಡಯ್ಯ. ನಿನಗ್ಯಾಕೆ ಅದೆಲ್ಲ? ನಿನ್ನ ಕೆಲಸ ನೀನು ನೋಡು" ಅಂದರು. ಇನ್ನೊಂದು ಕೆನ್ನೆ ಬಾಕಿ ಇತ್ತು, ಮುಗಿಸಿದೆ.

ನಾಡಿದ್ದು ನಿನ್ನನ್ನು ಕಳಿಸುತ್ತಾರಂತೆ. ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ.

ಅಣ್ಣ


ಏಪ್ರಿಲ್ ೪

ಅಣ್ಣನಿಗೆ,

ಹೊಲಿಗೆ ಒಣಗಿದೆ. ಕೂತು ಬರೆಯುತ್ತಿದ್ದೇನೆ.

ನೀನು ಬಂದದ್ದು ಸಂತೋಷ. ಸಿಟ್ಟು ಹೋಗಿದೆ ಎಂದುಕೊಳ್ಳಬೇಡ. ಇಲ್ಲಿ ಮಲಗಿ ಸ್ವಲ್ಪ ಶಕ್ತಿ ಬಂದ ಮೇಲೆ ಅದು ಇನ್ನೂ ಚೆನ್ನಾಗಿ ಬಂತು. ಅಪ್ಪ ನಿನಗೆ ಹೇಳಿದ ಮಾತನ್ನು ನನಗೂ ಆರು ವರ್ಷದಿಂದ ಹೇಳುತ್ತಿದ್ದಾರೆ, ಗಡ್ಡ ಕೆರೆಯುವಾಗಲೇ. ನಾನೂ ಮಗಳಲ್ಲ ಆ ಹೊತ್ತಿನಲ್ಲಿ, ಯಾರೋ ಒಬ್ಬಳು 'ತಾಯಿ'. ನಿನಗೆ ಒಂದು ದಿನ ಚುಚ್ಚಿತಲ್ಲ, ಇರಲಿ, ಚುಚ್ಚಲಿ.

ಬೆಳಿಗ್ಗೆ ಡಾಕ್ಟರಮ್ಮ ಬಂದು ಇವತ್ತು ಮನೆಗೆ ಹೋಗಬಹುದು ಎಂದರು. ಡಿಸ್ಚಾರ್ಜ್ ಕಾಗದ ಬರೆಯುತ್ತಾ, "ಮನೇಲಿ ನೋಡ್ಕೊಳ್ಳೋಕೆ ಯಾರಿದಾರೆ?" ಎಂದು ಕೇಳಿದರು. ಅಣ್ಣ ಬಂದಿದ್ದಾನೆ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. "ಯಾರೂ ಇಲ್ಲ ಡಾಕ್ಟ್ರೇ" ಎಂದೆ. ಅವರು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಹಾಗಾದ್ರೆ ಮಂಗಳವಾರದ ತನಕ ಇಲ್ಲೇ ಇರಿ" ಎಂದರು.

ಹುಟ್ಟಿ ಇಷ್ಟು ವರ್ಷಕ್ಕೆ ನಾನು ಇಷ್ಟು ನೆಮ್ಮದಿಯಾಗಿ ಸುಳ್ಳು ಹೇಳಿದ್ದು ಇದೇ ಮೊದಲು. ನಾಲ್ಕು ದಿನ, ಅಣ್ಣ. ಅಪ್ಪನನ್ನು ನೋಡಿಕೋ. ನನ್ನನ್ನು ನೋಡಲು ಯಾರನ್ನೂ ಕಳಿಸಬೇಡ. ಊಟದ ಹೊತ್ತಿಗೂ ಎಬ್ಬಿಸಬೇಡಿ ಎಂದು ನರ್ಸಮ್ಮನಿಗೆ ಹೇಳಿದ್ದೇನೆ, ಈಗ ಮಲಗುತ್ತೇನೆ.

ತಂಗಿ